ಅಂಚೆ ಇಲಾಖೆಯ ಕಾದಂಬರಿಕಾರ

ಹೊರನಾಡಿನಲ್ಲಿ ನಾಲ್ಕು ಮಂದಿ ಕನ್ನಡಿಗರು ಒಂದೆಡೆ ಸೇರಿದರೆ ಅವರಲ್ಲಿ ಒಬ್ಬರ ಹೊಟ್ಟೆಯಲ್ಲಾದರೂ ಒಂದು ಕಾದಂಬರಿ ಇರುತ್ತದೆ. ಬಿಟ್ಟುಬಂದ ಊರು, ಅಜ್ಜನ ಮನೆ, ಬಂದು ಸೇರಿದ ಮಹಾನಗರದ ಚಾಳು, ಹೀಗೆ ವಸ್ತುವಿಗೇನೂ ಬರವಿಲ್ಲ. ಬರವಿರುವುದು ಪುರುಸೊತ್ತಿಗೆ. ನಿವೃತ್ತಿಯಾಗಲಿ, ಮಕ್ಕಳ ಓದು ಮುಗಿಯಲಿ, ಆಮೇಲೆ ಬರೆಯುತ್ತೇನೆ ಎಂಬ ಮಾತನ್ನು ಪುಣೆಯ ಕನ್ನಡ ಕೂಟಗಳಲ್ಲಿ ನಾನು ಕೇಳುತ್ತಲೇ ಇರುತ್ತೇನೆ. ಕೇಳಿದಾಗಲೆಲ್ಲ ನನಗೆ ನೆನಪಾಗುವವನು 1882ರಲ್ಲಿ ತೀರಿಕೊಂಡ ಇಂಗ್ಲೆಂಡಿನ ಒಬ್ಬ ಅಂಚೆ ಅಧಿಕಾರಿ. ಹೆಸರು ಆಂಟನಿ ಟ್ರೋಲಪ್. ಮೂವತ್ಮೂರು ವರ್ಷ ಸರ್ಕಾರಿ ನೌಕರಿ ಮಾಡಿದ ಈ ಮನುಷ್ಯ ಬರೆದದ್ದು 47 ಕಾದಂಬರಿ. ಅದರ ಮೇಲೆ ಕಥೆಗಳು, ಪ್ರವಾಸ ಕಥನಗಳು, ಒಂದು ಆತ್ಮಕಥೆ ಬೇರೆ.

ಟ್ರೋಲಪ್ ಹುಟ್ಟಿದ್ದು 1815ರ ಏಪ್ರಿಲ್ 24ರಂದು, ಲಂಡನ್ನಿನಲ್ಲಿ. ತಂದೆ ಓದಿಕೊಂಡ ವಕೀಲ, ಆದರೆ ಸಿಡುಕ. ಕಕ್ಷಿದಾರರು ದೂರವಾದರು, ಕೈಹಾಕಿದ ಬೇಸಾಯವೂ ಕೈಕೊಟ್ಟಿತು. ಹುಡುಗ ಸೇರಿದ್ದು ಹ್ಯಾರೋದಂಥ ದೊಡ್ಡವರ ಮಕ್ಕಳ ಶಾಲೆಗೆ. ಕೆಸರು ದಾರಿಯಲ್ಲಿ ನಡೆದುಬರುವ, ಬಟ್ಟೆ ಕೊಳೆಯಾದ ಬಡ ಹುಡುಗನನ್ನು ಅಲ್ಲಿ ಯಾರೂ ಹತ್ತಿರ ಸೇರಿಸಲಿಲ್ಲ. ಆಟಕ್ಕೂ ಕರೆಯಲಿಲ್ಲ. ಒಂಟಿಯಾದ ಹುಡುಗ ತಲೆಯೊಳಗೇ ಕಥೆ ಕಟ್ಟತೊಡಗಿದ. ಒಂದೇ ಕಥೆಯನ್ನು ವಾರಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿಸುತ್ತಿದ್ದ. ಅದಕ್ಕೆ ಅವನೇ ಹಾಕಿಕೊಂಡ ಕಟ್ಟಳೆಗಳೂ ಇದ್ದವು: ನಡೆಯಲಾಗದ್ದು ಯಾವುದೂ ಕಥೆಯಲ್ಲಿ ನಡೆಯಕೂಡದು, ತಾನೇ ನಾಯಕನಾದರೂ ರಾಜನಾಗಲಿ ಕುಲೀನನಾಗಲಿ ಆಗಕೂಡದು. ಆ ಚಟ ಇರದಿದ್ದರೆ ತಾನು ಕಾದಂಬರಿಯನ್ನೇ ಬರೆಯುತ್ತಿರಲಿಲ್ಲವೇನೋ ಎಂದು ಮುಂದೆ ಆತ್ಮಕಥೆಯಲ್ಲಿ ಅನುಮಾನಪಡುತ್ತಾನೆ.

ಬರೆಯುವ ಕಸುಬು ಮಾತ್ರ ಬಂದದ್ದು ತಾಯಿಯಿಂದ. ಸಂಸಾರ ಮುಳುಗುವುದನ್ನು ಕಂಡ ಫ್ರಾನ್ಸಿಸ್ ಟ್ರೋಲಪ್ ಅಮೆರಿಕಕ್ಕೆ ಹೋಗಿ ವ್ಯಾಪಾರ ಮಾಡಿ ಸೋತು ಬಂದಳು. ಸೋಲಿನಿಂದಲೇ ಒಂದು ಪುಸ್ತಕ ಮಾಡಿದಳು. ಅಮೆರಿಕನ್ನರ ನಡೆನುಡಿಯನ್ನು ಕುರಿತ ಆ ಪುಸ್ತಕ 1832ರಲ್ಲಿ ಹೊರಬಂದಾಗ ಆಕೆಗೆ ಐವತ್ತು ದಾಟಿತ್ತು. ಎರಡು ವರ್ಷದ ನಂತರ ಸಾಲಗಾರರ ಕಾಟ ತಾಳದೆ ಕುಟುಂಬವೇ ಬೆಲ್ಜಿಯಂನ ಬ್ರೂಜ್ ಊರಿಗೆ ಓಡಿತು. ಅಲ್ಲಿ ಸಾಯುತ್ತಿದ್ದ ಮಗ ಮತ್ತು ಗಂಡನ ಆರೈಕೆಯ ನಡುವೆಯೇ, ಮನೆಯವರೆಲ್ಲ ಮಲಗಿದ್ದ ಹೊತ್ತಿನಲ್ಲಿ ಆಕೆ ಕಾದಂಬರಿ ಬರೆದು ಮನೆ ನಡೆಸಿದಳು. ಬರವಣಿಗೆಗೆ ತಕ್ಕ ಮನಃಸ್ಥಿತಿ ಬರಲಿ ಎಂದು ಕಾಯುವುದು ಟ್ರೋಲಪ್‌ಗೆ ಜೀವಮಾನವಿಡೀ ನಗೆಪಾಟಲಿನ ವಿಷಯವಾಗಿತ್ತು. ಆ ಮನೆಯಲ್ಲಿ ಬೆಳೆದವನಿಗೆ ಬೇರೆ ಹೇಗೆ ಕಂಡೀತು?

1834ರಲ್ಲಿ ಹತ್ತೊಂಬತ್ತರ ಹುಡುಗ ಲಂಡನ್ನಿನ ಪ್ರಧಾನ ಅಂಚೆ ಕಚೇರಿಗೆ ಗುಮಾಸ್ತನಾಗಿ ಸೇರಿದ. ಸಂಬಳ ವರ್ಷಕ್ಕೆ 90 ಪೌಂಡ್. ತಡವಾಗಿ ಬರುವುದು, ಸಾಲ, ಮೇಲಧಿಕಾರಿಯ ಬೈಗುಳ, ಇಷ್ಟರಲ್ಲೇ ಏಳು ವರ್ಷ ಕಳೆಯಿತು. 1841ರಲ್ಲಿ ಐರ್ಲೆಂಡಿನ ಬನಾಗರ್ ಎಂಬ ಸಣ್ಣ ಊರಿನ ಹುದ್ದೆಯೊಂದು ಖಾಲಿಯಾಯಿತು. ಯಾರೂ ಬಯಸದ ಜಾಗ. ಟ್ರೋಲಪ್ ಕೇಳಿ ಹಾಕಿಸಿಕೊಂಡ. ಪರಊರು ಅವನಿಗೆ ಒಗ್ಗಿತು. ಲಂಡನ್ನಿನಲ್ಲಿ ಕೆಲಸಗೇಡಿ ಎನಿಸಿಕೊಂಡವನು ಅಲ್ಲಿ ಕುದುರೆಯೇರಿ ಹಳ್ಳಿಹಳ್ಳಿ ತಿರುಗುವ ಚುರುಕಿನ ಅಧಿಕಾರಿಯಾದ. 1844ರಲ್ಲಿ ರೋಸ್ ಹೆಸೆಲ್ಟೈನ್‌ಳನ್ನು ಮದುವೆಯಾದ. ಮೊದಲ ಕಾದಂಬರಿಯನ್ನು ಕೈಗೆತ್ತಿಕೊಂಡದ್ದೂ ಅಲ್ಲೇ. ಊರು ಬಿಟ್ಟ ಮೇಲೆಯೇ ಕಣ್ಣು ತೆರೆಯುವ ಅನುಭವ ನಮ್ಮಲ್ಲಿ ಹಲವರದ್ದೂ ಹೌದು.

ಆದರೆ ಲೋಕ ಕಾದು ಕುಳಿತಿರಲಿಲ್ಲ. 1847ರಲ್ಲಿ ಬಂದ ಮೊದಲ ಕಾದಂಬರಿಯಿಂದ ಬಿಡಿಗಾಸೂ ಸಿಗಲಿಲ್ಲ. ಮರುವರ್ಷದ ಎರಡನೆಯದನ್ನು 375 ಪ್ರತಿ ಅಚ್ಚು ಹಾಕಿದರು. ಖರ್ಚಾದದ್ದು 140. ಪ್ರಕಾಶಕನಿಗೆ 63 ಪೌಂಡಿಗೂ ಹೆಚ್ಚು ನಷ್ಟ. ಮೂರನೆಯದು ಐತಿಹಾಸಿಕ ಕಾದಂಬರಿ. ಅದಕ್ಕೆ ಕೈಗೆ ಬಂದದ್ದು 20 ಪೌಂಡ್. ಪುಸ್ತಕ ಬಿದ್ದಾಗ ಆತ ಯಾರನ್ನೂ ದೂರಲಿಲ್ಲ, ಕೆಲಸವನ್ನೂ ಬಿಡಲಿಲ್ಲ.

1851ರಿಂದ ಎರಡು ವರ್ಷ ಪಶ್ಚಿಮ ಇಂಗ್ಲೆಂಡಿನ ಹಳ್ಳಿಗಳಿಗೆ ಪತ್ರ ಬಟವಾಡೆಯ ವ್ಯವಸ್ಥೆ ಮಾಡುವ ಕೆಲಸ ಅವನ ಪಾಲಿಗೆ ಬಂತು. ದಿನಕ್ಕೆ ಸುಮಾರು ನಲವತ್ತು ಮೈಲಿ ಕುದುರೆ ಸವಾರಿ. ರೈತನ ಹಟ್ಟಿ, ಪಾದ್ರಿಯ ಮನೆ, ಜಮೀನ್ದಾರನ ಬಂಗಲೆ, ಎಲ್ಲ ಬಾಗಿಲನ್ನೂ ತಟ್ಟಿ ಕಾಗದ ಯಾವಾಗ ಬರುತ್ತದೆ, ಯಾರು ತರುತ್ತಾರೆ ಎಂದು ವಿಚಾರಿಸಬೇಕು. ಬೀದಿಬದಿಯ ಅಂಚೆ ಪೆಟ್ಟಿಗೆ ಫ್ರಾನ್ಸಿನಲ್ಲಿರುವಂತೆ ಇಲ್ಲಿಯೂ ಬರಲಿ ಎಂದು ವರದಿ ಕೊಟ್ಟವನೂ ಅವನೇ. 1852ರಲ್ಲಿ ಜೆರ್ಸಿ ದ್ವೀಪದಲ್ಲಿ ಮೊದಲ ಪೆಟ್ಟಿಗೆಗಳು ನಿಂತವು. ಅದೇ ತಿರುಗಾಟದಲ್ಲಿ ಒಂದು ಸಂಜೆ ಸಾಲಿಸ್ಬರಿಯ ದೊಡ್ಡ ಇಗರ್ಜಿಯ ಸುತ್ತ ಅಡ್ಡಾಡುವಾಗ ‘ದಿ ವಾರ್ಡನ್’ ಕಾದಂಬರಿ ಹೊಳೆಯಿತು. ಬಾರ್ಸೆಟ್‌ಶೈರ್ ಎಂಬ ಕಲ್ಪಿತ ಜಿಲ್ಲೆ ಹುಟ್ಟಿದ್ದು ಹಾಗೆ. ಮುಂದೆ ಆರು ಕಾದಂಬರಿಗಳಿಗೆ ಅದು ನೆಲವಾಯಿತು. ಅದರ ರಸ್ತೆ, ಊರು, ಇಗರ್ಜಿಗಳ ನಕ್ಷೆಯನ್ನೂ ಆತ ಬರೆದಿಟ್ಟುಕೊಂಡಿದ್ದ. ನೌಕರಿಯ ಅಲೆದಾಟ ಅವನಿಗೆ ದಾರಿಗಳನ್ನು, ಮುಖಗಳನ್ನು ಕೊಟ್ಟಿತು. ಬಾಲ್ಯದ ಕಥೆ ಕಟ್ಟುವ ಚಟ ಆ ಮುಖಗಳಿಗೆ ಮಾತು ಕೊಟ್ಟಿತು. ಏಕೆಂದರೆ ಅವನು ಅಷ್ಟು ಜೀವಂತವಾಗಿ ಚಿತ್ರಿಸಿದ ಪಾದ್ರಿಗಳ ಒಳಬದುಕು ಅವನಿಗೆ ಹತ್ತಿರದಿಂದ ತಿಳಿದದ್ದೇ ಅಲ್ಲ.

1855ರಲ್ಲಿ ಬಂದ ‘ದಿ ವಾರ್ಡನ್’ಗೆ ಪ್ರಕಾಶಕರು ಒಪ್ಪಿದ್ದು ಲಾಭದಲ್ಲಿ ಅರ್ಧ ಪಾಲು. ಆ ಪಾಲು ಮೊದಲ ಸಲ ಹತ್ತು ಪೌಂಡನ್ನೂ ಮುಟ್ಟಲಿಲ್ಲ. ಅಲ್ಲಿಂದ ಟ್ರೋಲಪ್ ವ್ಯಾಪಾರ ಕಲಿತ. ಬಾರದ ಲಾಭದ ಪಾಲಿಗಿಂತ ಮೊದಲೇ ಕೈಗೆ ಬೀಳುವ ದುಡ್ಡು ಲೇಸು ಎಂದು ಹಟ ಹಿಡಿದ. ‘ಬಾರ್ಚೆಸ್ಟರ್ ಟವರ್ಸ್’ಗೆ 100 ಪೌಂಡ್ ಮುಂಗಡ, ‘ದಿ ತ್ರೀ ಕ್ಲರ್ಕ್ಸ್’ಗೆ 250, ‘ಡಾಕ್ಟರ್ ಥಾರ್ನ್’ಗೆ 400. ಮುಂದೆ ಥ್ಯಾಕರೆ ಸಂಪಾದಕತ್ವದಲ್ಲಿ 1860ರ ಜನವರಿಯಲ್ಲಿ ಶುರುವಾದ ‘ಕಾರ್ನ್‌ಹಿಲ್’ ಮಾಸಪತ್ರಿಕೆಗೆ ಧಾರಾವಾಹಿ ಬೇಕಾದಾಗ ಸಿಕ್ಕಿದ್ದು 1000 ಪೌಂಡ್. ಲಕ್ಷಕ್ಕೂ ಹೆಚ್ಚು ಪ್ರತಿ ಮಾರಾಟವಾದ ಆ ಮೊದಲ ಸಂಚಿಕೆಯಿಂದ ಅವನು ಮನೆಮಾತಾದ. ಆಗ ವಯಸ್ಸು 44.

ಇನ್ನು ಅವನ ದಿನಚರಿ. ಬೆಳಗಿನ ಐದೂವರೆಗೆ ಮೇಜಿನ ಮುಂದೆ. ಮೊದಲ ಅರ್ಧ ಗಂಟೆ ಹಿಂದಿನ ದಿನ ಬರೆದದ್ದನ್ನು ಓದುವುದು. ಆಮೇಲೆ ಗಡಿಯಾರ ಎದುರಿಗಿಟ್ಟುಕೊಂಡು ಕಾಲು ಗಂಟೆಗೆ 250 ಪದ. ಮೂರು ಗಂಟೆ ಮುಗಿದರೆ ಅಂದಿನ ಬರವಣಿಗೆ ಮುಗಿಯಿತು, ಮುಂದೆ ಕಚೇರಿಯ ಬದುಕು. ಪ್ರತಿ ಕಾದಂಬರಿಗೂ ಒಂದು ದಿನಚರಿ ಪುಸ್ತಕ. ಬರೆದ ಪುಟಗಳ ಲೆಕ್ಕ ಅದರಲ್ಲಿ ಬೀಳಬೇಕು, ಮೈಗಳ್ಳತನ ಮಾಡಿದ ದಿನ ಖಾಲಿ ಮನೆ ಕಣ್ಣಿಗೆ ಚುಚ್ಚಬೇಕು. ವಾರಕ್ಕೆ ಸರಾಸರಿ ನಲವತ್ತು ಪುಟ. ರೈಲಿನಲ್ಲಿ ತೊಡೆಯ ಮೇಲೆ ಹಲಗೆ ಇಟ್ಟುಕೊಂಡು ಪೆನ್ಸಿಲ್‌ನಲ್ಲಿ ಬರೆಯುತ್ತಿದ್ದ. ‘ಬಾರ್ಚೆಸ್ಟರ್ ಟವರ್ಸ್’ನ ಹೆಚ್ಚು ಪಾಲು ಹಾಗೆಯೇ ಆದದ್ದು. ಅಂಚೆ ಒಪ್ಪಂದಕ್ಕಾಗಿ ಈಜಿಪ್ಟಿಗೆ ಹೋಗುವಾಗ ಹಡಗಿನಲ್ಲಿ ವಾಂತಿ ಮಾಡಲು ಎದ್ದು ಹೋಗಿ, ಬಂದು ಮತ್ತೆ ಬರೆದ. ಅಲ್ಲಿ ‘ಡಾಕ್ಟರ್ ಥಾರ್ನ್’ ಮುಗಿಸಿ ಮರುದಿನವೇ ಮುಂದಿನ ಕಾದಂಬರಿ ಶುರು ಮಾಡಿದ.

ಈ ಕಥೆಯನ್ನು ಶಿಸ್ತಿನ ಪಾಠವಾಗಿ ಹೇಳುವವರು ಎರಡು ಹೆಸರನ್ನು ಬಿಟ್ಟುಬಿಡುತ್ತಾರೆ. ಐದೂವರೆಗೆ ಕೂರಬೇಕಾದರೆ ಯಾರೋ ಅದಕ್ಕೂ ಮೊದಲು ಏಳಬೇಕಲ್ಲ? ಒಬ್ಬ ವಯಸ್ಸಾದ ಕುದುರೆಯಾಳು ವರ್ಷಕ್ಕೆ ಐದು ಪೌಂಡ್ ಹೆಚ್ಚುವರಿ ಸಂಬಳಕ್ಕೆ ಕಾಫಿ ತಂದು ಎಬ್ಬಿಸುತ್ತಿದ್ದ, ಒಂದು ದಿನವೂ ತಡ ಮಾಡಲಿಲ್ಲ. ತನ್ನ ಯಶಸ್ಸಿಗೆ ಅವನ ಋಣ ಉಳಿದವರೆಲ್ಲರಿಗಿಂತ ದೊಡ್ಡದು ಎಂದು ಟ್ರೋಲಪ್ ಒಪ್ಪಿಕೊಂಡಿದ್ದಾನೆ. ರೈಲಿನ ಪೆನ್ಸಿಲ್ ಬರಹವನ್ನು ಶಾಯಿಯಲ್ಲಿ ನಕಲು ಮಾಡಿದ್ದು, ಅಚ್ಚಿಗೆ ಮೊದಲು ಓದಿದ್ದು ಹೆಂಡತಿ ರೋಸ್. ಪುರುಸೊತ್ತು ಎಂಬುದು ಹಲವು ಸಲ ಮನೆಯ ಇನ್ನೊಬ್ಬರು ತಮ್ಮ ಹೊತ್ತಿನಿಂದ ಕಡಿದುಕೊಟ್ಟ ತುಂಡು.

ಗಡಿಯಾರದ ವಿಷಯದಲ್ಲೂ ಒಂದು ತಪ್ಪು ತಿಳಿವಳಿಕೆಯಿದೆ. ಕಾಲು ಗಂಟೆಗೆ 250 ಪದ ಬರೆಯಲು ಸಾಧ್ಯವಾದದ್ದು ಉಳಿದ ಹೊತ್ತೆಲ್ಲ ಅವನು ಪಾತ್ರಗಳ ಜತೆ ಬದುಕುತ್ತಿದ್ದುದರಿಂದ. ಕಥಾಹಂದರ ಅವನಿಗೆ ಎರಡನೆಯದು, ಮನುಷ್ಯರು ಮೊದಲು. ಅವರ ದನಿ, ನಡಿಗೆ, ಬಟ್ಟೆಯ ಬಣ್ಣ ಎಲ್ಲವೂ ಗೊತ್ತಿರಬೇಕು, ವರ್ಷ ಕಳೆದಂತೆ ಅವರಿಗೂ ವಯಸ್ಸಾಗಬೇಕು. ಒಮ್ಮೆ ಲಂಡನ್ನಿನ ಕ್ಲಬ್ಬಿನಲ್ಲಿ ಇಬ್ಬರು ಪಾದ್ರಿಗಳು, ಈ ಟ್ರೋಲಪ್ ಹಳೆಯ ಪಾತ್ರಗಳನ್ನೇ ಮತ್ತೆ ಮತ್ತೆ ತರುತ್ತಾನೆ ಎಂದು ಬೈಯುತ್ತ, ಮಿಸೆಸ್ ಪ್ರೌಡಿ ಎಂಬ ಬಜಾರಿ ಬಿಷಪ್ ಪತ್ನಿಯ ಮೇಲೆ ಕಿಡಿಕಾರುತ್ತಿದ್ದರು. ಪಕ್ಕದಲ್ಲೇ ಇದ್ದ ಟ್ರೋಲಪ್ ಎದ್ದು ತನ್ನ ಪರಿಚಯ ಹೇಳಿಕೊಂಡು, ವಾರದೊಳಗೆ ಅವಳನ್ನು ಕೊಲ್ಲುವುದಾಗಿ ಮಾತು ಕೊಟ್ಟ. ಕೊಂದೂಬಿಟ್ಟ. ಆಮೇಲೆ ಬಹುಕಾಲ ಆ ಹೆಂಗಸಿನ ನೆರಳು ತನ್ನ ಜತೆಗೇ ಇರುವಂತೆ ಅವನಿಗೆ ಅನಿಸುತ್ತಿತ್ತಂತೆ. ಪದ ಎಣಿಸಿ ಬರೆಯುವ ಯಂತ್ರಕ್ಕೆ ಇಂಥ ಸೂತಕ ಅಂಟುವುದಿಲ್ಲ.

1864ರಲ್ಲಿ ಬಯಸಿದ ಬಡ್ತಿ ತಪ್ಪಿತು. 1867ರಲ್ಲಿ ಪಿಂಚಣಿಯ ಆಸೆ ಬಿಟ್ಟು ರಾಜೀನಾಮೆ ಕೊಟ್ಟ. ಮರುವರ್ಷ ಬೆವರ್ಲಿ ಕ್ಷೇತ್ರದಿಂದ ಸಂಸತ್ತಿಗೆ ನಿಂತು ಕೊನೆಯ ಸ್ಥಾನ ಪಡೆದ. ಅಷ್ಟು ಹೊತ್ತಿಗೆ ಹೆಸರಿನ ಬಲವೆಷ್ಟು ಎಂದು ತಿಳಿಯುವ ಹಂಬಲದಿಂದ ಎರಡು ಕಾದಂಬರಿಗಳನ್ನು ಹೆಸರಿಲ್ಲದೆ ಪ್ರಕಟಿಸಿ ನೋಡಿದ್ದ. ಅವು ಓಡಲಿಲ್ಲ. ಹೆಸರಾದವನ ಪುಸ್ತಕಕ್ಕೆ ಸಿಗುವ ಮನ್ನಣೆ ಹೊಸಬನಿಗೆ ಸುಲಭವಾಗಿ ಸಿಗದು ಎಂಬ ಅವನ ಗುಮಾನಿ ನಿಜವಾಯಿತು. ತನಗೇ ನಷ್ಟವಾಗುವ ಪರೀಕ್ಷೆಯನ್ನು ಇಷ್ಟು ಪ್ರಾಮಾಣಿಕವಾಗಿ ಮಾಡಿದ ಲೇಖಕರು ಕಡಿಮೆ.

1882ರ ನವೆಂಬರಿನಲ್ಲಿ, ಮನೆಯವರೊಂದಿಗೆ ಒಂದು ಹಾಸ್ಯ ಕಾದಂಬರಿಯ ಓದು ಕೇಳುತ್ತಾ ನಗುತ್ತಿದ್ದವನಿಗೆ ಲಕ್ವ ಹೊಡೆಯಿತು. ಡಿಸೆಂಬರ್ 6ರಂದು ತೀರಿಕೊಂಡ. ಮಗನ ಕೈಗೆ ಮೊದಲೇ ಒಪ್ಪಿಸಿದ್ದ ಆತ್ಮಕಥೆ ಮರುವರ್ಷ ಪ್ರಕಟವಾಯಿತು. ಗಡಿಯಾರದ ಗುಟ್ಟು, ಕೊನೆಯಲ್ಲಿ ಪುಸ್ತಕವಾರು ಗಳಿಕೆಯ ಪಟ್ಟಿ: ಒಟ್ಟು 68,939 ಪೌಂಡ್ 17 ಶಿಲ್ಲಿಂಗ್ 5 ಪೆನ್ಸ್. ಚಮ್ಮಾರ ಜೋಡು ಹೊಲಿದಂತೆ ಕಾದಂಬರಿ ಹೊಲಿಯಬೇಕು ಎಂಬ ಅವನ ನಿಲುವು ಸರಸ್ವತಿಯ ಪ್ರಸಾದವೆಂದು ಸಾಹಿತ್ಯವನ್ನು ನಂಬಿದವರ ಮುಖಕ್ಕೆ ಹೊಡೆದಂತಾಯಿತು. ಅವನ ಹೆಸರು ಮಂಕಾಗಲು ಆ ಪುಸ್ತಕವೇ ಕಾರಣವೆಂದು ಬಹಳ ಕಾಲ ಹೇಳುತ್ತಿದ್ದರು. ಆದರೆ ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಓದುಗರು ಮತ್ತೆ ಅವನನ್ನು ಹುಡುಕಿಕೊಂಡು ಹೋದರು. 1993ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಕವಿಗಳ ಮೂಲೆಯಲ್ಲಿ ಅವನ ಹೆಸರಿನ ಕಲ್ಲು ಕೂತಿತು.

ನೌಕರಿಯೂ ಬರವಣಿಗೆಯೂ ಒಂದೇ ಮೈಯಲ್ಲಿ ಬದುಕಬಲ್ಲವು ಎಂಬುದಕ್ಕೆ ನಾವು ಅಷ್ಟು ದೂರ ಹೋಗಬೇಕಿಲ್ಲ ಎನ್ನುವವರೂ ಇದ್ದಾರೆ. ನಿಜ. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು ಮುಂಬಯಿಯಲ್ಲಿ ಪಾಲಿಮರ್ ತಂತ್ರಜ್ಞರಾಗಿ ದುಡಿದ ಯಶವಂತ ಚಿತ್ತಾಲರು ‘ಶಿಕಾರಿ’ ಬರೆದದ್ದು ಅದೇ ಕಂಪನಿ ಜಗತ್ತಿನ ಒಳಗನ್ನು ಕಂಡು. ಅವರ ಬರವಣಿಗೆಯ ದಾರಿ ಬೇರೆ, ಗಡಿಯಾರದ್ದಲ್ಲ. ಆದರೆ ಅನ್ನ ಕೊಟ್ಟ ಕೆಲಸವೇ ಕಥೆಯನ್ನೂ ಕೊಟ್ಟಿತು.

ಹಾಗಾಗಿ ನನಗನ್ನಿಸುವುದಿಷ್ಟು. ಟ್ರೋಲಪ್‌ನ ಹತ್ತು ಪುಟ ನಮ್ಮ ಕೈಲಾಗದು, ಆಗಬೇಕಾಗಿಯೂ ಇಲ್ಲ. ಅವನ ಒಂದು ಪುಟ ಎಂದರೆ 250 ಪದ, ಅವನ ಕಾಲು ಗಂಟೆ. ನಮಗೆ ಅದು ಒಂದು ಗಂಟೆಯೇ ಆಗಲಿ. ದಿನಕ್ಕೊಂದು ಪುಟ ಬರೆದರೆ ವರ್ಷಕ್ಕೆ 91,250 ಪದ. ಕನ್ನಡದಲ್ಲಿ ಅದು ಸಾಕಷ್ಟು ದಪ್ಪದ ಕಾದಂಬರಿ. ಅದನ್ನು ಜನ ಓದುತ್ತಾರೋ ಇಲ್ಲವೋ ಬೇರೆ ಮಾತು. ಅವನ ಎರಡನೆಯ ಕಾದಂಬರಿಯನ್ನೂ ಕೊಂಡವರು 140 ಮಂದಿ.