ಪಿಯಾನೋ ಬಲ್ಲ ಪ್ರಭು: ಶ್ರೀ ಜಯಚಾಮರಾಜೇಂದ್ರ ಒಡೆಯರು

ಶ್ರೀ ಜಯಚಾಮರಾಜೇಂದ್ರ ಒಡೆಯರ ಹೆಸರನ್ನು ಕೇಳಿದೊಡನೆ ನಮ್ಮಲ್ಲಿ ಬಹುಮಂದಿಗೆ ನೆನಪಾಗುವುದು ಜರತಾರಿ ಪೇಟ, ದಸರೆಯ ಅಂಬಾರಿ, ಮೈಸೂರು ಅರಮನೆಯ ದೀಪಾಲಂಕಾರ. ಆದರೆ ಈ ರಾಜವೇಷದೊಳಗೆ ಪಿಯಾನೋ ವಾದಕನೊಬ್ಬನಿದ್ದನೆಂಬುದನ್ನು ಬಲ್ಲವರು ವಿರಳ. ಸಿಂಹಾಸನ ತಾನಾಗಿ ಬಂದುದು. ಪಿಯಾನೋ ಅವರು ತಾವಾಗಿ ಬಯಸಿ ಕಲಿತುದು. ಇವೆರಡರ ನಡುವೆ ನಡೆದ ಜೀವಿತವೊಂದರ ಸಂಗ್ರಹವನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಒಡೆಯರು ಜನಿಸಿದುದು 1919ನೆಯ ಜುಲೈ 18ರಂದು, ಮೈಸೂರಿನಲ್ಲಿ. ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು. ತಾಯಿ ಯುವರಾಣಿ ಕೆಂಪುಚೆಲುವಾಜಮ್ಮಣ್ಣಿಯವರು. ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರಿಗೆ ಮಕ್ಕಳಿರಲಿಲ್ಲ. ಆ ಅರಮನೆಯಲ್ಲಿ ಸಂಗೀತವು ಕೇವಲ ಸಭಾಲಂಕಾರವಾಗಿರಲಿಲ್ಲ. ನಾಲ್ವಡಿಯವರು ತಾವೇ ಹಲವು ವಾದ್ಯಗಳನ್ನು ನುಡಿಸಬಲ್ಲವರಾಗಿದ್ದರು. ಒಂದು ಕಡೆ ವೀಣೆ, ಪಿಟೀಲು, ಮೃದಂಗಗಳ ವಿದ್ವಾಂಸರು. ಇನ್ನೊಂದು ಕಡೆ ಜರ್ಮನಿಯ ಆಟೋ ಶ್ಮಿಟ್ ಅವರ ಕೈಕೆಳಗೆ ಪಾಶ್ಚಾತ್ಯ ವಾದ್ಯಗೋಷ್ಠಿ. ಇಂತಹ ಮನೆಯಲ್ಲಿ ಬೆಳೆದ ಹುಡುಗನಿಗೆ ಪೂರ್ವ ಪಶ್ಚಿಮಗಳೆರಡೂ ಪರಕೀಯವೆನಿಸದಿದ್ದುದು ಸಹಜ. ತಂಗಿ ವಿಜಯಾದೇವಿಯವರೂ ಪಿಯಾನೋ ಮತ್ತು ವೀಣೆಗಳೆರಡನ್ನೂ ಅಭ್ಯಾಸಮಾಡಿದವರೇ.

ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿ 1938ರಲ್ಲಿ ಪದಕಗಳೊಡನೆ ಪದವೀಧರರಾದಾಗ ಅವರಿಗೆ ಹತ್ತೊಂಬತ್ತು ವರ್ಷ. ಕಛೇರಿ ನಡೆಸುವ ಪಿಯಾನೋ ವಾದಕನಾಗಬೇಕೆಂಬ ಹಂಬಲ ಆ ತರುಣನ ಮನಸ್ಸಿನಲ್ಲಿ ಬೇರೂರಿತ್ತು. ಆದರೆ ವಿಧಿಯ ಎಣಿಕೆಯೇ ಬೇರೆಯಾಗಿತ್ತು. 1940ರ ಮಾರ್ಚಿಯಲ್ಲಿ ತಂದೆ ತೀರಿಕೊಂಡರು. ಅದೇ ಆಗಸ್ಟ್ 3ರಂದು ನಾಲ್ವಡಿಯವರೂ ಸ್ವರ್ಗಸ್ಥರಾದರು. ಐದು ತಿಂಗಳೊಳಗೆ ಎರಡು ಸಾವು. ಸೆಪ್ಟೆಂಬರ್ 8ರಂದು, ಇಪ್ಪತ್ತೊಂದು ವರ್ಷದ ಯುವಕ ಮೈಸೂರಿನ ಸಿಂಹಾಸನವನ್ನೇರಬೇಕಾಯಿತು. ಪಿಯಾನೋ ವಾದನವು ದಿನಕ್ಕೆ ಹಲವು ಗಂಟೆಗಳ ಸಾಧನೆಯನ್ನು ಬೇಡುವ ವಿದ್ಯೆ. ಮಹಾಯುದ್ಧದ ನಡುವೆ ಸಂಸ್ಥಾನವನ್ನು ಆಳಬೇಕಾದವನಿಗೆ ಆ ಗಂಟೆಗಳು ಎಲ್ಲಿಂದ ಬರಬೇಕು? ಕಛೇರಿಯ ಕನಸು ಅಲ್ಲಿಗೆ ಮುಗಿಯಿತು.

ಕನಸು ಮುಗಿದರೂ ವಿದ್ಯೆಯನ್ನು ಅವರು ಕೈಬಿಡಲಿಲ್ಲ. ರಾಜ್ಯಭಾರದ ನಡುವೆಯೇ ಅಭ್ಯಾಸವನ್ನು ಮುಂದುವರಿಸಿ ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಆದರು. 1945ರಲ್ಲಿ ಅಲ್ಲಿನ ಟ್ರಿನಿಟಿ ಸಂಗೀತ ಕಾಲೇಜು ಅವರನ್ನು ಗೌರವ ಫೆಲೋ ಆಗಿ ಆರಿಸಿತು. ಮಹಾರಾಜರೆಂಬ ಬಿರುದಿಗೆ ಬೇಕಾದ ಪದವಿಗಳು ಇವಲ್ಲ. ಕಲಿತುದನ್ನು ಪರೀಕ್ಷೆಗೊಡ್ಡಿ ನೋಡಬೇಕೆಂಬ ವಿದ್ಯಾರ್ಥಿಯ ಹಠವನ್ನೇ ನಾವು ಇಲ್ಲಿ ಕಾಣುತ್ತೇವೆ.

ಆ ಕಾಲಕ್ಕೆ ಲಂಡನ್ನಿನಲ್ಲಿ ನಿಕೊಲಾಯ್ ಮೆಟ್ನರ್ ಎಂಬ ರಷ್ಯಾದ ಸಂಗೀತಕಾರನಿದ್ದ. ಮಾಸ್ಕೋದಲ್ಲಿ ಹುಟ್ಟಿ, ಕ್ರಾಂತಿಯ ಅನಂತರ ದೇಶ ಬಿಟ್ಟು, ಕೊನೆಗೆ ಇಂಗ್ಲೆಂಡಿನಲ್ಲಿ ನೆಲಸಿದವನು. ಶ್ರೇಷ್ಠ ವಾದಕ, ಶ್ರೇಷ್ಠ ರಚನಕಾರ. ಆದರೆ ಕಾಲದ ರುಚಿ ಬದಲಾಗಿ ಅವನ ಸಂಗೀತವನ್ನು ಕೇಳುವವರು ಕಡಿಮೆಯಾಗಿದ್ದರು. ವಯಸ್ಸಾಗಿತ್ತು, ಹೃದ್ರೋಗ ಹಿಡಿದಿತ್ತು, ವರಮಾನ ಕುಗ್ಗಿತ್ತು. ಅವನ ಕೃತಿಗಳನ್ನು ಬಹುವಾಗಿ ಮೆಚ್ಚಿದ್ದ ಒಡೆಯರು ಮೆಟ್ನರ್ ಸಂಘವೊಂದಕ್ಕೆ ಧನಸಹಾಯವಿತ್ತರು. ಅದರಿಂದಾಗಿ 1947ರಿಂದ ಆ ವೃದ್ಧನು ತನ್ನ ಮೂರು ಪಿಯಾನೋ ಕನ್ಚೆರ್ಟೊಗಳನ್ನೂ ಇತರ ರಚನೆಗಳನ್ನೂ ತಾನೇ ನುಡಿಸಿ ಎಚ್.ಎಂ.ವಿ. ಕಂಪೆನಿಯ ಮೂಲಕ ಧ್ವನಿಮುದ್ರಿಸಲು ಸಾಧ್ಯವಾಯಿತು. ಮೆಟ್ನರ್ ತನ್ನ ಮೂರನೆಯ ಕನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ತೀರಿಕೊಂಡ. ನಾಲ್ಕು ವರ್ಷ ತಡವಾಗಿದ್ದರೆ ಆ ಬೆರಳುಗಳ ನಾದ ಆತನೊಡನೆಯೇ ಮಣ್ಣು ಸೇರುತ್ತಿತ್ತು. ತಾನು ವಾದಕನಾಗಲಾರದೆ ಹೋದವನು ಇನ್ನೊಬ್ಬ ವಾದಕನ ನಾದವನ್ನು ಉಳಿಸಿದನು.

ಯುದ್ಧ ಮುಗಿದ ಮೇಲೆ ಲಂಡನ್ನಿನಲ್ಲಿ ಹೊಸದಾಗಿ ಹುಟ್ಟಿದ ಫಿಲ್ಹಾರ್ಮೋನಿಯ ವಾದ್ಯಗೋಷ್ಠಿಗೂ ಅವರು ಆಸರೆಯಾದರು; 1948ರಲ್ಲಿ ಅದರ ಕಛೇರಿ ಸಂಘಕ್ಕೆ ಮೊದಲ ಅಧ್ಯಕ್ಷರೂ ಆದರು. ಜರ್ಮನಿಯ ರಿಚರ್ಡ್ ಸ್ಟ್ರಾಸ್ ತನ್ನ ಮುಪ್ಪಿನಲ್ಲಿ ರಚಿಸಿದ ನಾಲ್ಕು ಕಡೆಯ ಗೀತೆಗಳು ಮೊದಲ ಬಾರಿಗೆ ಸಭೆಯ ಮುಂದೆ ಹಾಡಲ್ಪಟ್ಟುದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ. ಸ್ಟ್ರಾಸ್ ಅಷ್ಟರಲ್ಲಿ ಗತಿಸಿದ್ದ. ಆ ಕಛೇರಿಯ ಖರ್ಚಿಗೆ ಜಾಮೀನು ನಿಂತವರು ನಮ್ಮ ಮೈಸೂರಿನವರು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಅದನ್ನು ಮುಚ್ಚಿಡುವುದು ಸರಿಯಲ್ಲ. ರಾಜನ ಐಶ್ವರ್ಯವೆಂದರೆ ಕೊನೆಗೆ ಪ್ರಜೆಗಳ ಬೆವರೇ ಅಲ್ಲವೆ? ನಮ್ಮ ರೈತನು ರಾಗಿಯ ಅಂಬಲಿಗೆ ಪರದಾಡುತ್ತಿದ್ದ ಕಾಲದಲ್ಲಿ ಲಂಡನ್ನಿನ ವಾದ್ಯಗೋಷ್ಠಿಗೆ ಹಣ ಹೋದುದು ನ್ಯಾಯವೆ? ಈ ಪ್ರಶ್ನೆಗೆ ಸುಲಭವಾದ ಉತ್ತರವಿಲ್ಲ. 1947ರಲ್ಲಿ ದೇಶ ಸ್ವತಂತ್ರವಾದ ಮೇಲೂ ಜವಾಬ್ದಾರಿ ಸರಕಾರಕ್ಕಾಗಿ ಮೈಸೂರಿನ ಜನ ಚಳವಳಿ ಹೂಡಬೇಕಾಯಿತೆಂಬುದೂ ಚರಿತ್ರೆಯೇ. ಆದರೆ ಅದೇ ಚರಿತ್ರೆ ಇನ್ನೊಂದು ಮಾತನ್ನೂ ಹೇಳುತ್ತದೆ. ಆಗಸ್ಟ್ ತಿಂಗಳಲ್ಲೇ ಭಾರತಕ್ಕೆ ಸೇರುವ ಪತ್ರಕ್ಕೆ ಒಡೆಯರು ರುಜು ಹಾಕಿದರು. ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಅಧಿಕಾರಕ್ಕೆ ಬಂದಿತು. ಮುಂದೆ ರಾಜಪ್ರಮುಖರಾಗಿ, 1956ರ ನವೆಂಬರ್ 1ರಿಂದ ವಿಶಾಲ ಮೈಸೂರು ರಾಜ್ಯದ ರಾಜ್ಯಪಾಲರಾಗಿ, 1964ರಿಂದ 1966ರವರೆಗೆ ಮದರಾಸಿನ ರಾಜ್ಯಪಾಲರಾಗಿ ಅವರು ಸಂವಿಧಾನದ ಮಿತಿಯೊಳಗೆ ಕೆಲಸಮಾಡಿದರು. ಆಳಿದ ನೆಲದಲ್ಲೇ ನೇಮಕದ ಅಧಿಕಾರಿಯಾಗಿ ಕುಳಿತುಕೊಳ್ಳುವುದಕ್ಕೆ ದೊಡ್ಡ ಮನಸ್ಸು ಬೇಕು.

ಪಿಯಾನೋ ಹೇಳಿಕೊಡದ ಒಂದು ಪಾಠವನ್ನು ಅವರು ವೀಣೆಯಿಂದ ಕಲಿತರು. ಪಿಯಾನೋವಿನ ಮನೆಯನ್ನು ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ತಂತಿಯನ್ನು ಬಡಿಯುತ್ತದೆ. ಬಡಿದ ಮೇಲೆ ಆ ಸ್ವರವನ್ನು ಅತ್ತಿತ್ತ ಬಾಗಿಸುವಂತಿಲ್ಲ. ವೀಣೆಯಲ್ಲಾದರೋ ಮೆಟ್ಟಿಲಿನ ಮೇಲೆ ತಂತಿಯನ್ನೆಳೆದು ಸ್ವರದಿಂದ ಸ್ವರಕ್ಕೆ ಜಾರಬಹುದು. ನಮ್ಮ ರಾಗಗಳ ಪ್ರಾಣವಾದ ಗಮಕ ಹುಟ್ಟುವುದು ಹಾಗೆ. ವೀಣೆ ವೆಂಕಟಗಿರಿಯಪ್ಪನವರಲ್ಲಿ ವಾದನವನ್ನೂ ಮೈಸೂರು ವಾಸುದೇವಾಚಾರ್ಯರ ಸಂಗದಲ್ಲಿ ಕೃತಿರಚನೆಯ ಮರ್ಮವನ್ನೂ ಅರಿತು, ಒಡೆಯರು 1940ರ ದಶಕದ ಮಧ್ಯದಲ್ಲಿ ಸಂಸ್ಕೃತದಲ್ಲಿ ಕೃತಿಗಳನ್ನು ರಚಿಸತೊಡಗಿದರು. 'ಶ್ರೀವಿದ್ಯಾ' ಎಂಬುದು ಅವರ ಮುದ್ರೆ. ತೊಂಬತ್ತನಾಲ್ಕು ಕೃತಿಗಳು ನಮಗೆ ದೊರೆತಿವೆ. ಅಠಾಣ ರಾಗದ 'ಶ್ರೀ ಮಹಾಗಣಪತಿಂ' ಅವುಗಳಲ್ಲಿ ಹೆಸರಾದುದು. ಪಾಶ್ಚಾತ್ಯ ಸಂಗೀತದಲ್ಲಿ ಅಷ್ಟು ಮುಳುಗಿದ್ದವರು ಕೃತಿ ರಚಿಸುವಾಗ ಅದರ ಛಾಯೆಯನ್ನು ಹೊದಿಸಹೋಗದೆ ನಮ್ಮ ಸಂಪ್ರದಾಯದ ಚೌಕಟ್ಟಿನಲ್ಲೇ ನಿಂತುದು ಗಮನಿಸತಕ್ಕ ವಿಷಯ. ಎರಡು ವಿದ್ಯೆಗಳನ್ನು ಬಲ್ಲವರು ಅವನ್ನು ಬೆರಸಲೇಬೇಕೆಂದಿಲ್ಲ. ಎರಡಕ್ಕೂ ಅದರದರ ಮರ್ಯಾದೆಯನ್ನು ಸಲ್ಲಿಸಬಹುದು. 1966ರಲ್ಲಿ ಸಂಗೀತ ನಾಟಕ ಅಕಾಡೆಮಿ ಅವರನ್ನು ತನ್ನ ಫೆಲೋ ಆಗಿ ಗೌರವಿಸಿತು.

ಕನ್ನಡಿಗರಿಗೆ ಅವರಿಂದಾದ ಇನ್ನೊಂದು ಉಪಕಾರ ಜಯಚಾಮರಾಜೇಂದ್ರ ಗ್ರಂಥಮಾಲೆ. ಅದರ ಮೂಲಕ ಋಗ್ವೇದವೂ ಪುರಾಣಗಳೂ ಕನ್ನಡ ಅರ್ಥದೊಡನೆ ಸಾಮಾನ್ಯ ಓದುಗನ ಕೈಗೆ ಬಂದುವು. ಸಂಸ್ಕೃತ ಬಾರದವನಿಗೆ ಮುಚ್ಚಿದ್ದ ಬಾಗಿಲು ಇದರಿಂದ ತೆರೆಯಿತು.

1974ನೆಯ ಸೆಪ್ಟೆಂಬರ್ 23ರಂದು ಬೆಂಗಳೂರು ಅರಮನೆಯಲ್ಲಿ ಒಡೆಯರು ಕಾಲವಾದರು. ಆಗ ಅವರಿಗೆ ಕೇವಲ ಐವತ್ತೈದು ವರ್ಷ. ರಾಜಧನ ಅದಕ್ಕೆ ಮೂರು ವರ್ಷ ಮೊದಲೇ, 1971ರಲ್ಲಿ, ರದ್ದಾಗಿತ್ತು. ಕಿರೀಟ ಹೋಗಿತ್ತು, ಕಾಣಿಕೆ ಹೋಗಿತ್ತು; ಸಂಗೀತವೊಂದು ಉಳಿದಿತ್ತು.

ನಮ್ಮ ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಿಗೆ ಅರಮನೆ ದೂರ. ರಾಜಾಜಿನಗರ ತಲೆಯೆತ್ತಿದುದು ಅವರ ಕಾಲದ ಕೊನೆಯಲ್ಲಿ, ಕಾರ್ಖಾನೆಗಳ ನೆರಳಿನಲ್ಲಿ. ವಿಜಯನಗರ, ಬಸವೇಶ್ವರನಗರಗಳು ಬೆಳೆದುದು ಆಮೇಲೆ. ಕೆಂಗೇರಿಯನ್ನು ಹಾದು ಹೋಗುವ ಮೈಸೂರು ರೈಲನ್ನು ಬಿಟ್ಟರೆ ಅವರಿಗೂ ನಮಗೂ ಸಂಬಂಧವೇನೆಂದು ಯಾರಾದರೂ ಕೇಳಬಹುದು. ಸಂಬಂಧವಿದೆ. ಸರಕಾರಿ ಕಾಲೇಜಿನ ಬೆಂಚಿನ ಮೇಲೆ ಕುಳಿತಿರುವ ನಮ್ಮಲ್ಲಿ ಎಷ್ಟೋ ಮಂದಿ ಮನೆಯ ಭಾರ ಹೆಗಲಿಗೆ ಬಿದ್ದೊಡನೆ ಹಾಡನ್ನೋ ಚಿತ್ರವನ್ನೋ ಆಟವನ್ನೋ ಬಿಟ್ಟವರು. ಬೆಳಗಿನ ಜಾವ ಪತ್ರಿಕೆ ಹಂಚಿ, ಸಂಜೆ ಅಂಗಡಿಯಲ್ಲಿ ದುಡಿಯುವ ಗೆಳೆಯನಿಗೆ ರಿಯಾಜಿಗೆ ಹೊತ್ತೆಲ್ಲಿ? ರಾಜನ ಭಾರಕ್ಕೂ ನಮ್ಮ ಭಾರಕ್ಕೂ ಅಜಗಜಾಂತರವುಂಟು, ನಿಜ. ಅವರಿಗಿದ್ದ ಅನುಕೂಲದ ಸಾವಿರದ ಒಂದು ಪಾಲೂ ನಮಗಿಲ್ಲ. ಆದರೆ ಬಯಸಿದ ದಾರಿ ಮುಚ್ಚಿಹೋದಾಗ ಮನಸ್ಸಿಗಾಗುವ ನೋವು ಅರಮನೆಯಲ್ಲೂ ವಠಾರದಲ್ಲೂ ಒಂದೇ. ಆ ನೋವನ್ನು ಒಡೆಯರು ಕಹಿಯಾಗಲು ಬಿಡಲಿಲ್ಲ. ತಾವು ವೇದಿಕೆಯೇರಲಾಗದೆ ಹೋದಾಗ ಇತರರಿಗೆ ವೇದಿಕೆ ಕಟ್ಟಿದರು. ಒಂದು ವಾದ್ಯ ದೂರವಾದಾಗ ಇನ್ನೊಂದರ ಮುಂದೆ ಶಿಷ್ಯನಾಗಿ ಕುಳಿತರು. ಮೆಟ್ನರನ ಮುದ್ರಿಕೆಗಳನ್ನು ರಸಿಕರು ಈಗಲೂ ಕೇಳುತ್ತಾರೆ. ಅಠಾಣದ ಆ ಕೃತಿ ಈಗಲೂ ಕಛೇರಿಗಳಲ್ಲಿ ಹಾಡಲ್ಪಡುತ್ತದೆ. ಸಾಧ್ಯವಾದವರು ಒಮ್ಮೆ ಎರಡನ್ನೂ ಕೇಳಲಿ.