ಶಾಂತವೇರಿ ಗೋಪಾಲಗೌಡ

ಶಾಂತವೇರಿ ಗೋಪಾಲಗೌಡ (ಮಾರ್ಚ್ 14, 1923 – ಜೂನ್ 9, 1972) ಇವರು ಕರ್ನಾಟಕದ ಸಮಾಜವಾದಿ ನಾಯಕರು, ರೈತ ಹೋರಾಟಗಾರರು ಹಾಗೂ ಮೂರು ಬಾರಿ ವಿಧಾನಸಭೆಗೆ ಆಯ್ಕೆಯಾದ ಶಾಸಕರು. 1951ರ ಕಾಗೋಡು ಸತ್ಯಾಗ್ರಹದ ಮೂಲಕ ಇವರ ಹೆಸರು ನಾಡಿಗೆಲ್ಲ ಪರಿಚಯವಾಯಿತು. ಅಧಿಕಾರವೆಂಬುದು ಭೂಮಿ ಮತ್ತು ಹಣದಲ್ಲಿ ಮಾತ್ರವಲ್ಲದೆ ಜಾತಿ, ಭಾಷೆ, ಉಡುಗೆ ಮತ್ತು ನಡವಳಿಕೆಗಳಲ್ಲಿಯೂ ನೆಲೆಸಿರುತ್ತದೆ ಎಂಬ ವಿಚಾರವನ್ನು ಕನ್ನಡ ರಾಜಕಾರಣಕ್ಕೆ ತಂದವರಲ್ಲಿ ಇವರು ಪ್ರಮುಖರು.

ಬಾಲ್ಯ ಮತ್ತು ವಿದ್ಯಾರ್ಥಿ ಜೀವನ

ಗೋಪಾಲಗೌಡರು ಶಿವಮೊಗ್ಗ ಜಿಲ್ಲೆಯ ತೀರ್ಥಹಳ್ಳಿ ತಾಲ್ಲೂಕಿನ ಆರಗದವರು. ಹೆಚ್ಚು ಅನುಕೂಲವಿಲ್ಲದ ಕುಟುಂಬದಲ್ಲಿ ಬೆಳೆದರು. 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಪಾಲ್ಗೊಂಡು ಸೆರೆಮನೆ ಸೇರಿದರು. ಸ್ವಾತಂತ್ರ್ಯಾನಂತರ ಕಾಂಗ್ರೆಸ್ಸಿನ ಕಡೆಗೆ ಹೋಗದೆ ಸಮಾಜವಾದಿ ಪಕ್ಷವನ್ನು ಆರಿಸಿಕೊಂಡರು. ರಾಮಮನೋಹರ ಲೋಹಿಯಾ ಅವರ ವಿಚಾರಗಳು ಇವರ ಮೇಲೆ ಗಾಢವಾದ ಪ್ರಭಾವ ಬೀರಿದವು.

ಮಲೆನಾಡಿನ ಗೇಣಿ ಪದ್ಧತಿ

ಗೌಡರ ಹೋರಾಟವನ್ನು ತಿಳಿಯಬೇಕಾದರೆ ಅಂದಿನ ಗೇಣಿ ಪದ್ಧತಿಯನ್ನು ತಿಳಿಯುವುದು ಅವಶ್ಯ. ಸಾಗರ, ಸೊರಬ, ಹೊಸನಗರ ತಾಲ್ಲೂಕುಗಳ ಭತ್ತದ ಗದ್ದೆಗಳು ಬಹುಮಟ್ಟಿಗೆ ಕೆಲವೇ ಭೂಮಾಲೀಕರ ಹೆಸರಿನಲ್ಲಿದ್ದವು. ಉಳುತ್ತಿದ್ದವರು ಗೇಣಿದಾರರು, ಅವರಲ್ಲಿ ದೀವರ ಸಮುದಾಯದವರ ಸಂಖ್ಯೆ ದೊಡ್ಡದು. ಸುಗ್ಗಿಯ ನಂತರ ಗೇಣಿಯ ಭತ್ತವನ್ನು ಕೊಳಗದಿಂದ ಅಳೆದು ಒಡೆಯರ ಮನೆಗೆ ಮುಟ್ಟಿಸಬೇಕಾಗಿತ್ತು. ಕೊಳಗ ಒಡೆಯರದೇ. ಅದು ಸರ್ಕಾರಿ ಅಳತೆಗಿಂತ ದೊಡ್ಡದಾಗಿರುತ್ತದೆ ಎಂಬುದು ಗೇಣಿದಾರರ ದೂರಾಗಿತ್ತು. ಕೊಟ್ಟ ಗೇಣಿಗೆ ರಸೀದಿ ಇಲ್ಲ. ಇದರ ಮೇಲೆ ಬಿಟ್ಟಿ ಚಾಕರಿ ಬೇರೆ.

ಒಡೆಯರ ಮುಂದೆ ಹೇಗೆ ನಿಲ್ಲಬೇಕು, ಜಗಲಿಯಲ್ಲಿ ಎಲ್ಲಿಯವರೆಗೆ ಬರಬಹುದು ಎಂಬುದಕ್ಕೂ ಬರೆಯದ ಕಟ್ಟಳೆಗಳಿದ್ದವು. ಮೊಣಕಾಲಿನಿಂದ ಕೆಳಗೆ ಇಳಿಯುವಂತೆ ಪಂಚೆ, ಸೀರೆ ಉಡುವಂತಿರಲಿಲ್ಲ ಎಂಬುದು ಆ ಭಾಗದ ಹಿರಿಯರ ನೆನಪುಗಳಲ್ಲಿ ಉಳಿದಿದೆ. ಈ ಕಟ್ಟಳೆಗಳಿಗೆ ಪೊಲೀಸರ ಕಾವಲು ಬೇಕಾಗಿರಲಿಲ್ಲ. ತಲೆಮಾರುಗಳಿಂದ ಬಂದದ್ದು ಎಂಬ ಕಾರಣಕ್ಕೆ ಜನ ತಾವಾಗಿಯೇ ಪಾಲಿಸುತ್ತಿದ್ದರು. ದೊಡ್ಡ ಕೊಳಗವನ್ನು ಪ್ರಶ್ನಿಸುವುದಕ್ಕೆ ಮೊದಲು ಜಗಲಿಯ ಕೆಳಗೆ ನಿಲ್ಲುವ ಅಭ್ಯಾಸವನ್ನು ಬಿಡಬೇಕಾಗಿತ್ತು.

ಕಾಗೋಡು ಸತ್ಯಾಗ್ರಹ

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಈ ಪ್ರಶ್ನೆ ಮೊದಲು ಎದ್ದದ್ದು ಗೇಣಿದಾರರ ನಡುವಿನಿಂದಲೇ. ಎಚ್. ಗಣಪತಿಯಪ್ಪನವರು ಅವರನ್ನು ರೈತ ಸಂಘದ ಮೂಲಕ ಸಂಘಟಿಸಿದರು. ಸರ್ಕಾರಿ ಕೊಳಗದಲ್ಲಿಯೇ ಅಳೆಯುತ್ತೇವೆ, ರಸೀದಿ ಕೊಡಿ ಎಂಬುದು ಮುಖ್ಯ ಬೇಡಿಕೆಯಾಗಿತ್ತು. ಭೂಮಾಲೀಕರು ಒಪ್ಪದೆ ಗೇಣಿದಾರರನ್ನು ಜಮೀನಿನಿಂದ ಬಿಡಿಸಿದಾಗ, 1951ರ ಏಪ್ರಿಲ್ 18ರಂದು ರೈತರು ನೇಗಿಲು ಹಿಡಿದು ಗದ್ದೆಗಿಳಿದರು. ತಂಡ ತಂಡವಾಗಿ ಬಂಧನಕ್ಕೊಳಗಾದರು. ಸಮಾಜವಾದಿ ಪಕ್ಷವು ಹೋರಾಟಕ್ಕೆ ಬೆಂಬಲವಾಗಿ ನಿಂತಿತು. ಗೋಪಾಲಗೌಡರು ಹಳ್ಳಿಗಳಲ್ಲಿ ತಿರುಗಿ ಅದರ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಅವರೂ ಬಂದು ಬಂಧನಕ್ಕೊಳಗಾದುದರಿಂದ ಕಾಗೋಡಿನ ಹೆಸರು ದೇಶಕ್ಕೆಲ್ಲ ತಿಳಿಯಿತು.

ಸತ್ಯಾಗ್ರಹದಿಂದ ಕೂಡಲೇ ಭೂಮಿ ದೊರೆಯಲಿಲ್ಲ. ಅನೇಕ ಕುಟುಂಬಗಳು ಬಹಳ ಕಷ್ಟಕ್ಕೆ ಸಿಲುಕಿದವು. ಈ ಹೋರಾಟದ ಕಥನಗಳಲ್ಲಿ ಲೋಹಿಯಾ ಮತ್ತು ಗೋಪಾಲಗೌಡರ ಹೆಸರುಗಳು ಮೇಲೆ ನಿಂತು, ಜೈಲಿಗೆ ಹೋದ ಗೇಣಿದಾರರ ಹಾಗೂ ಮನೆ ಹಿಡಿದು ನಿಂತ ಹೆಂಗಸರ ಹೆಸರುಗಳು ಹಿಂದೆ ಸರಿದಿವೆ. ಯಾರನ್ನು ನೆನೆಯಬೇಕು ಎಂಬುದನ್ನು ತೀರ್ಮಾನಿಸುವುದೂ ಒಂದು ಅಧಿಕಾರವೇ ಆದ್ದರಿಂದ ಈ ಮಾತನ್ನು ಇಲ್ಲಿ ಹೇಳಬೇಕಾಗಿದೆ.

ಶಾಸಕರಾಗಿ

1952ರ ಮೊದಲ ಸಾರ್ವತ್ರಿಕ ಚುನಾವಣೆಯಲ್ಲಿ ಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಸ್ಪರ್ಧಿಸಿ, ಕಾಂಗ್ರೆಸ್ಸಿನ ಪ್ರಬಲ ನಾಯಕರಾಗಿದ್ದ ಎ. ಆರ್. ಬದರಿನಾರಾಯಣ ಅವರನ್ನು ಸೋಲಿಸಿದರು. ಆಗ ಇವರಿಗೆ ಮೂವತ್ತು ವರ್ಷವೂ ತುಂಬಿರಲಿಲ್ಲ. ಕೈಯಲ್ಲಿ ಹಣವಿಲ್ಲದ ಕಾರಣ ಚುನಾವಣೆಯ ಖರ್ಚಿಗೂ ಜನರಿಂದಲೇ ಚಂದಾ ಎತ್ತಬೇಕಾಗಿತ್ತು. 1957ರಲ್ಲಿ ಸೋತರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರು.

ಸದನದಲ್ಲಿ ಕನ್ನಡವು ಆಡಳಿತದ ಭಾಷೆಯಾಗಬೇಕೆಂದು ಒತ್ತಾಯಿಸುತ್ತಿದ್ದರು. ರಾಜ್ಯ ಏಕೀಕರಣವನ್ನು ಬೆಂಬಲಿಸಿದರು. 1956ರಲ್ಲಿ ರೂಪುಗೊಂಡ ರಾಜ್ಯಕ್ಕೆ ಮೈಸೂರು ಎಂಬ ಹೆಸರು ಮುಂದುವರಿದಾಗ, ಕರ್ನಾಟಕ ಎಂಬ ಹೆಸರೇ ಬೇಕೆಂದು ವಾದಿಸಿದರು. ಆ ಹೆಸರು ಬಂದದ್ದು 1973ರ ನವೆಂಬರ್ 1ರಂದು. ಅದನ್ನು ನೋಡಲು ಗೌಡರು ಇರಲಿಲ್ಲ.

ವಿಚಾರಗಳು

ಭಾರತದ ಆಳುವ ವರ್ಗಕ್ಕೆ ಮೇಲು ಜಾತಿ, ಇಂಗ್ಲಿಷ್ ಶಿಕ್ಷಣ ಮತ್ತು ಸಂಪತ್ತು ಎಂಬ ಮೂರು ಲಕ್ಷಣಗಳಿವೆ, ಇವುಗಳಲ್ಲಿ ಎರಡಿದ್ದರೆ ಸಾಕು, ಅವನು ಆಳುವವನಾಗುತ್ತಾನೆ ಎಂಬುದು ಲೋಹಿಯಾ ಅವರ ವಿಶ್ಲೇಷಣೆ. ಮಾರ್ಕ್ಸ್‌ವಾದಿಗಳು ಆಸ್ತಿಯನ್ನೇ ಮೂಲವೆಂದು ಹೇಳುತ್ತಿದ್ದ ಕಾಲದಲ್ಲಿ ಜಾತಿ ಮತ್ತು ಭಾಷೆಗಳನ್ನು ಅದರ ಪಕ್ಕದಲ್ಲಿಯೇ ಇಟ್ಟದ್ದು ಇದರ ವಿಶೇಷ. ಗೋಪಾಲಗೌಡರಿಗೆ ಇದು ಪುಸ್ತಕದ ಸಿದ್ಧಾಂತವಾಗಿರಲಿಲ್ಲ. ಇಂಗ್ಲಿಷಿನಲ್ಲಿ ಬಂದ ನೋಟೀಸನ್ನು ಓದಲಾರದ ಗೇಣಿದಾರ, ಕೊಳಗವನ್ನು ಪ್ರಶ್ನಿಸಲಾರದ ಗೇಣಿದಾರ ಇಬ್ಬರೂ ಒಬ್ಬನೇ ಎಂಬುದನ್ನು ಅವರು ಬಲ್ಲವರಾಗಿದ್ದರು.

ಇಟಲಿಯ ಚಿಂತಕ ಆಂಟೋನಿಯೊ ಗ್ರಾಮ್ಶಿ (1891–1937) ಮುಸೊಲಿನಿಯ ಸೆರೆಮನೆಯಲ್ಲಿ ಬರೆದ ಟಿಪ್ಪಣಿಗಳಲ್ಲಿ ಇದಕ್ಕೆ ಹತ್ತಿರವಾದ ವಿಚಾರವಿದೆ. ಆಳುವವರು ಬಲಪ್ರಯೋಗದಿಂದ ಮಾತ್ರ ಆಳುವುದಿಲ್ಲ; ತಮ್ಮ ರೀತಿನೀತಿಗಳೇ ಲೋಕದ ಸಹಜ ರೀತಿ ಎಂದು ಆಳಿಸಿಕೊಳ್ಳುವವರೂ ಒಪ್ಪುವಂತೆ ಮಾಡುತ್ತಾರೆ ಎಂದು ಅವರು ವಿವರಿಸಿದರು. ಕನ್ನಡ ವಿಮರ್ಶೆಯಲ್ಲಿ ಇದನ್ನು ಯಜಮಾನಿಕೆ ಎಂದು ಕರೆಯಲಾಗುತ್ತದೆ. ಗಂಡನನ್ನು ಯಜಮಾನರು ಎಂದು ಕರೆಯುವ ರೂಢಿಯಿರುವ ನಾಡಿನಲ್ಲಿ ಈ ಪದಕ್ಕೆ ಹೆಚ್ಚಿನ ವಿವರಣೆ ಬೇಕಾಗಲಾರದು. ಗ್ರಾಮ್ಶಿಯ ಟಿಪ್ಪಣಿಗಳ ವಿಸ್ತೃತ ಇಂಗ್ಲಿಷ್ ಆಯ್ಕೆ ಪ್ರಕಟವಾದದ್ದು 1971ರಲ್ಲಿ, ಅಂದರೆ ಗೌಡರ ಮರಣದ ಹಿಂದಿನ ವರ್ಷ. ಆದುದರಿಂದ ಕಾಗೋಡಿನ ತಿಳಿವಳಿಕೆ ಅಲ್ಲಿಂದ ಬಂದದ್ದಲ್ಲ, ಅದು ಮಲೆನಾಡಿನ ಜಗಲಿಯ ಕೆಳಗಿನಿಂದಲೇ ಹುಟ್ಟಿದ್ದು.

ಸ್ವತಃ ಒಕ್ಕಲಿಗರಾಗಿ ಹುಟ್ಟಿದ ಗೌಡರು ದೀವರ ಗೇಣಿದಾರರ ಪರವಾಗಿ ನಿಂತರೆಂಬುದನ್ನು ಮೆಚ್ಚಿ ಬರೆಯುವವರು ಬಹಳ. ಆದರೆ ಸ್ತ್ರೀಯರ ಸ್ಥಾನಮಾನದ ಪ್ರಶ್ನೆ ಆ ಕಾಲದ ಭೂಹೋರಾಟದಲ್ಲಿ ಅಷ್ಟಾಗಿ ಮುನ್ನೆಲೆಗೆ ಬರಲಿಲ್ಲ. ಜಮೀನಿನ ಹಕ್ಕು ಎಂದರೆ ಮನೆಯ ಗಂಡಸಿನ ಹೆಸರಿನ ಹಕ್ಕು ಎಂಬ ಗ್ರಹಿಕೆ ಹಾಗೆಯೇ ಉಳಿಯಿತು.

ಪ್ರಭಾವ ಮತ್ತು ಕೊನೆಯ ದಿನಗಳು

ಗೌಡರ ಸುತ್ತ ರಾಜಕಾರಣಿಗಳಷ್ಟೇ ಅಲ್ಲದೆ ಸಾಹಿತಿಗಳೂ ಸೇರಿದ್ದರು. ಯು. ಆರ್. ಅನಂತಮೂರ್ತಿ, ಪಿ. ಲಂಕೇಶ್, ಕೆ. ಪಿ. ಪೂರ್ಣಚಂದ್ರ ತೇಜಸ್ವಿ ಮೊದಲಾದವರ ಮೇಲೆ ಸಮಾಜವಾದಿ ಚಿಂತನೆಯ ಪ್ರಭಾವ ಸ್ಪಷ್ಟವಾಗಿದೆ. ಅನಂತಮೂರ್ತಿಯವರ ಅವಸ್ಥೆ (1978) ಕಾದಂಬರಿಯ ನಾಯಕನ ಪಾತ್ರಕ್ಕೆ ಗೌಡರ ಜೀವನವೇ ಪ್ರೇರಣೆ. ಕಾದಂಬರಿಯ ಎಲ್ಲ ಘಟನೆಗಳನ್ನೂ ಗೌಡರ ಚರಿತ್ರೆ ಎಂದು ವಿದ್ಯಾರ್ಥಿಗಳು ಭಾವಿಸಬಾರದು. 1967ರಲ್ಲಿ ಸೊರಬದಿಂದ ಶಾಸಕರಾದ ಎಸ್. ಬಂಗಾರಪ್ಪ ಹಾಗೂ ಅದೇ ವರ್ಷ ಶಿವಮೊಗ್ಗದಿಂದ ಲೋಕಸಭೆಗೆ ಹೋಗಿ ಅಲ್ಲಿ ಕನ್ನಡದಲ್ಲಿ ಮಾತನಾಡಿದ ಜೆ. ಎಚ್. ಪಟೇಲ್ ಇದೇ ಸಮಾಜವಾದಿ ಗರಡಿಯವರು. ಇಬ್ಬರೂ ಮುಂದೆ ಮುಖ್ಯಮಂತ್ರಿಗಳಾದರು.

ದೀರ್ಘಕಾಲದ ಅನಾರೋಗ್ಯದಿಂದ ಬಳಲಿ, 1972ರ ಜೂನ್ 9ರಂದು ತಮ್ಮ 49ನೆಯ ವಯಸ್ಸಿನಲ್ಲಿ ನಿಧನರಾದರು. ದೇವರಾಜ ಅರಸು ಅವರ ಸರ್ಕಾರ ತಿದ್ದುಪಡಿ ಮಾಡಿದ ಭೂಸುಧಾರಣಾ ಕಾಯ್ದೆಯು 1974ರ ಮಾರ್ಚ್ 1ರಿಂದ ಜಾರಿಗೆ ಬಂದು ಗೇಣಿ ಪದ್ಧತಿಯನ್ನು ರದ್ದುಮಾಡಿತು. ಸಾಗರ, ಸೊರಬ ಸೀಮೆಯ ಗೇಣಿದಾರರು ಭೂನ್ಯಾಯಮಂಡಳಿಯ ಮುಂದೆ ಅರ್ಜಿ ಹಾಕಿ ಗದ್ದೆಗಳ ಒಡೆತನ ಪಡೆದರು. ಕುಪ್ಪಗಡ್ಡೆಯಂತಹ ಹೋಬಳಿಗಳ ಹಿರಿಯರು ಆ ಅರ್ಜಿಯನ್ನು ಡಿಕ್ಲರೇಷನ್ ಎಂದೇ ಕರೆಯುತ್ತಾರೆ. ಬೆಂಗಳೂರಿನಲ್ಲಿ ವಿಧಾನಸೌಧದ ಸಮೀಪದ ವೃತ್ತವೊಂದಕ್ಕೆ ಗೋಪಾಲಗೌಡರ ಹೆಸರಿಡಲಾಗಿದೆ.