ಮಡ್ಡಿ ಎಣ್ಣೆಯ ಶುಖೋವ್

ನಾನು ಇತಿಹಾಸದ ವಿದ್ಯಾರ್ಥಿ. ರಸಾಯನಶಾಸ್ತ್ರವೆಂದರೆ ಗಾವುದ ದೂರ ನಿಲ್ಲುವವನು. ಆದರೂ ರಷ್ಯದ ಎಂಜಿನಿಯರ್ ವ್ಲಾದಿಮಿರ್ ಶುಖೋವನ ಜೀವನವನ್ನು ಓದಿದಂದಿನಿಂದ ಆ ಮನುಷ್ಯನು ನನ್ನ ಮನಸ್ಸನ್ನು ಬಿಟ್ಟು ಕದಲಲೊಲ್ಲನು. ವಿಜ್ಞಾನದ ಮಿತ್ರರು ಈ ಅಧಿಕಪ್ರಸಂಗವನ್ನು ಮನ್ನಿಸಬೇಕು.

ಶುಖೋವನು ಹುಟ್ಟಿದ್ದು 1853ರಲ್ಲಿ, ಗ್ರೈವೊರೋನ್ ಎಂಬ ಸಣ್ಣ ಊರಿನಲ್ಲಿ. 1876ರಲ್ಲಿ ಮಾಸ್ಕೋದ ತಾಂತ್ರಿಕ ವಿದ್ಯಾಲಯದಿಂದ ತೇರ್ಗಡೆಯಾಗಿ, ಅಮೆರಿಕವನ್ನು ಕಂಡುಬಂದು, ಕ್ಯಾಸ್ಪಿಯನ್ ಸಮುದ್ರದ ದಡದ ಬಾಕುವಿನ ಎಣ್ಣೆಬಾವಿಗಳನ್ನು ಸೇರಿದನು. 1878ರಲ್ಲಿ ನೊಬೆಲ್ ಸಹೋದರರಿಗಾಗಿ ಅಲ್ಲಿ ರಷ್ಯದ ಮೊದಲ ಎಣ್ಣೆಯ ಕೊಳವೆಮಾರ್ಗವನ್ನು ಹಾಕಿಸಿದನು. ಅದುವರೆಗೆ ಎಣ್ಣೆಯು ಪೀಪಾಯಿಗಳಲ್ಲಿ, ಗಾಡಿಯ ಮೇಲೆ ಸಾಗುತ್ತಿತ್ತು.

ಆ ಕಾಲದಲ್ಲಿ ಜನರಿಗೆ ಬೇಕಾಗಿದ್ದುದು ಸೀಮೆಎಣ್ಣೆ. ಕಚ್ಚಾ ಎಣ್ಣೆಯನ್ನು ಕಾಸಿ ಸೀಮೆಎಣ್ಣೆಯನ್ನು ಬಟ್ಟಿಯಿಳಿಸಿದ ಮೇಲೆ ತಳದಲ್ಲಿ ಕಪ್ಪನೆಯ ಮಡ್ಡಿ ಉಳಿಯುತ್ತಿತ್ತು. ಬಾಕುವಿನ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದೇ. ಅದನ್ನು ಹೊಂಡಗಳಿಗೆ ಸುರಿಯುತ್ತಿದ್ದರು. ಶುಖೋವನು ಮೊದಲು ಅದನ್ನು ಹಬೆಯ ಬಲದಿಂದ ತುಂತುರಾಗಿಸಿ ಉರಿಸುವ ನಳಿಕೆಯೊಂದನ್ನು ಮಾಡಿದನು. ಅಷ್ಟಕ್ಕೆ ತೃಪ್ತನಾಗಲಿಲ್ಲ. ಮಡ್ಡಿಯ ಅಣುಗಳು ಉದ್ದನೆಯ ಸರಪಳಿಗಳಿದ್ದಂತೆ. ಒತ್ತಡದಲ್ಲಿಟ್ಟು ನಾನೂರು ಡಿಗ್ರಿಗೂ ಮೇಲೆ ಕಾಸಿದರೆ ಸರಪಳಿ ತುಂಡುತುಂಡಾಗಿ ಪೆಟ್ರೋಲಿನಂಥ ಹಗುರವಾದ ಎಣ್ಣೆಗಳಾಗುತ್ತವೆ. ಕ್ರ್ಯಾಕಿಂಗ್ ಎನ್ನುವುದು ಇದನ್ನೇ. ಮಡ್ಡಿಯನ್ನು ಪಾತ್ರೆಯಲ್ಲಿ ನಿಲ್ಲಿಸಿ ಕುದಿಸದೆ, ಕುಲುಮೆಯೊಳಗಿನ ಕೊಳವೆಗಳಲ್ಲಿ ಹರಿಯಿಸುತ್ತಲೇ ಕಾಸುವ ಯಂತ್ರಕ್ಕೆ ಶುಖೋವನೂ ಆತನ ಜೊತೆಗಾರ ಗವ್ರಿಲೋವನೂ 1891ರಲ್ಲಿ ಪೇಟೆಂಟು ಪಡೆದರು.

ಆದರೆ ಮೋಟಾರು ಗಾಡಿಗಳೇ ಇಲ್ಲದ ನಾಡಿನಲ್ಲಿ ಪೆಟ್ರೋಲು ಯಾರಿಗೆ ಬೇಕು? ಪೇಟೆಂಟು ಕಪಾಟು ಸೇರಿತು. 1913ರಲ್ಲಿ ಅಮೆರಿಕದ ವಿಲಿಯಂ ಬರ್ಟನ್ ತನ್ನದೇ ಬಗೆಯ ಕ್ರ್ಯಾಕಿಂಗಿಗೆ ಪೇಟೆಂಟು ಪಡೆಯುವ ಹೊತ್ತಿಗೆ ಕಾಲ ಕೂಡಿಬಂದಿತ್ತು. ಹಣವೂ ಹೆಸರೂ ಅತ್ತ ಹರಿದವು. ಬರ್ಟನನು ಕದ್ದನೆಂದು ನಾನು ಹೇಳಲಾರೆ, ಆತನ ದುಡಿಮೆಯೂ ಸಾಮಾನ್ಯದ್ದಲ್ಲ. ಆದರೆ ಇಪ್ಪತ್ತು ವರ್ಷಗಳಿಗೂ ಮೊದಲೇ ಹುಟ್ಟಿದ ಕೂಸಿಗೆ ತೊಟ್ಟಿಲಿರಲಿಲ್ಲವಲ್ಲ ಎಂಬ ಕೊರಗು ನನ್ನದು.

ಇದಕ್ಕಿಂತ ಕಠಿನವಾದ ಪರೀಕ್ಷೆ ಮುಂದಿತ್ತು. ಕ್ರಾಂತಿಯ ಅನಂತರ ಮಾಸ್ಕೋದ ಶಬೊಲೊವ್ಕಾದಲ್ಲಿ ರೇಡಿಯೋ ಗೋಪುರವನ್ನು ಕಟ್ಟುವ ಹೊಣೆ ಆತನ ಹೆಗಲೇರಿತು. 1921ರಲ್ಲಿ ಮೇಲಕ್ಕೆತ್ತುತ್ತಿದ್ದ ಒಂದು ಭಾಗ ಕಳಚಿ ಬಿದ್ದಿತು. ತಪ್ಪು ಲೋಹದ್ದು, ಲೆಕ್ಕದ್ದಲ್ಲ. ಆದರೂ ಅರುವತ್ತೇಳು ವರ್ಷದ ಮುದುಕನಿಗೆ ಮರಣದಂಡನೆ ವಿಧಿಸಿ, ಗೋಪುರ ಮುಗಿಯುವವರೆಗೆ ತಡೆಹಿಡಿದರು. ಯಮನು ಹೊಸ್ತಿಲಲ್ಲಿ ಕುಳಿತಿರುವಾಗ ಲೆಕ್ಕ ಮಾಡುವ ಕೈ ನಡುಗದಿರುವುದು ಹೇಗೆ? ನಾವು ಪರೀಕ್ಷೆಯ ಕೊಠಡಿಯ ಗಡಿಯಾರವನ್ನು ಕಂಡೇ ಬೆವರುತ್ತೇವೆ! 1922ರಲ್ಲಿ ಗೋಪುರ ನಿಂತಿತು, ಇಂದಿಗೂ ನಿಂತಿದೆ.

ಬಾಕುವಿನಲ್ಲಿ ಆತನ ವಿಧಾನದ ಕ್ರ್ಯಾಕಿಂಗ್ ಕಾರ್ಖಾನೆಯು ಎದ್ದುದು 1930ರ ದಶಕದ ಆರಂಭದಲ್ಲಿ. ಪೇಟೆಂಟಿಗೆ ಆಗ ನಾಲ್ವತ್ತು ವರ್ಷ, ಆತನಿಗೆ ಎಂಬತ್ತರ ಸಮೀಪ.

1939ರ ಚಳಿಗಾಲದಲ್ಲಿ, ಬದುಕೆಲ್ಲ ಎಣ್ಣೆ ಬೆಂಕಿಗಳ ನಡುವೆ ಕಳೆದವನ ಮನೆಯಲ್ಲಿ ಒಂದು ಮೇಣದ ಬತ್ತಿ ಉರುಳಿ ಮೈಮೇಲಿನ ಬಟ್ಟೆಗೆ ಹತ್ತಿಕೊಂಡಿತು. ಸುಟ್ಟಗಾಯಗಳಿಂದ ಕೆಲವು ದಿನ ನರಳಿ ಫೆಬ್ರವರಿ 2ರಂದು ತೀರಿಕೊಂಡನು. ಮಾಸ್ಕೋದ ನೊವೊದೆವಿಚಿ ಶ್ಮಶಾನದಲ್ಲಿ ಆತನ ಸಮಾಧಿಯಿದೆ.